ಮಿಕ್ಸರ್ ನಲ್ಲಿಯೂ ಮನೆಯವರ ಆರೋಗ್ಯವೂ

ವೈದ್ಯಮಿತ್ರರ ಲೇಖನಗಳ ನಡುವೆ, ವಾಣಿಜ್ಯ ಪದವಿ ಪಡೆದು ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುವ ನನ್ನಂಥವನು ಆರೋಗ್ಯದ ವಿಷಯವಾಗಿ ಬರೆಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ರೋಗವು ಮನೆಯೊಳಗೆ ಬರುವ ದಾರಿಗಳಲ್ಲಿ ನೀರಿನ ಕೊಳವೆಯೂ ಒಂದು. ಆ ದಾರಿಯನ್ನು ನಾನೇ ಹಣ ಕೊಟ್ಟು ತೆರೆಸಿದ್ದೆನಾದ್ದರಿಂದ ಈ ನಾಲ್ಕು ಮಾತು ಹೇಳುವ ಅಧಿಕಾರ ನನಗೆ ಒದಗಿದೆ.

ಹೈದರಾಬಾದಿನ ನೀರಿಗೂ ಕನ್ನಡಿಗರಿಗೂ ಹಳೆಯ ನಂಟು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರವನ್ನು ಹಾಳುಗೆಡವಿದಾಗ, ನಿಜಾಮ ಸರ್ಕಾರವು ಸಲಹೆಗಾಗಿ ಕರೆಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು. ಪ್ರವಾಹವನ್ನು ತಡೆಯಲೆಂದು ಹುಟ್ಟಿದ ಜಲಾಶಯಗಳು ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಅನಂತರ ಮಂಜೀರಾ, ಕೃಷ್ಣಾ, ಗೋದಾವರಿ ನದಿಗಳ ನೀರು ಸೇರಿತು. ಇವುಗಳಲ್ಲಿ ಮಂಜೀರಾ ನಮ್ಮ ಬೀದರ ಜಿಲ್ಲೆಯನ್ನು ಹಾದು ಬರುವವಳು. ಕೃಷ್ಣೆಯೂ ನಮ್ಮ ನಾಡನ್ನು ತೊಯ್ಸಿಯೇ ಇತ್ತ ಬರುತ್ತಾಳೆ. ನದಿ ಯಾವುದಾದರೇನು, ನಲ್ಲಿಯಲ್ಲಿ ಬರುವ ನಗರದ ನೀರನ್ನು ಅನೇಕರು ಇಂದಿಗೂ ‘ಮಂಜೀರಾ ನೀರು’ ಎಂದೇ ಕರೆಯುತ್ತಾರೆ.

ಈ ನೀರು ಹಲವು ಬಡಾವಣೆಗಳಿಗೆ ದಿನ ಬಿಟ್ಟು ದಿನ ಬರುತ್ತದೆ. ಉಳಿದ ಬಳಕೆಗೆ ಬೋರ್‌ವೆಲ್ ನೀರು. ಆದಕಾರಣ ನಮ್ಮ ಹಳೆಯ ಮನೆಗಳಲ್ಲಿ ಎರಡು ಬಗೆಯ ಕೊಳವೆಗಳಿರುವುದುಂಟು: ರಸ್ತೆಯಿಂದ ನೇರವಾಗಿ ಅಡುಗೆಮನೆಗೆ ಬರುವ ಮಂಜೀರಾ ಕೊಳವೆ ಒಂದು, ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ಬೋರ್ ನೀರಿನ ಕೊಳವೆ ಇನ್ನೊಂದು.

ನಮ್ಮ ಮನೆಯಲ್ಲಿ ನಡೆದದ್ದು

ಮೊಣಕಾಲು ನೋವಿನ ನಮ್ಮ ತಾಯಿಯವರು ರಾಯಚೂರಿನಿಂದ ಬಂದು ನಮ್ಮಲ್ಲಿ ನೆಲೆಸಿದಾಗ, ಅವರು ಬಗ್ಗಿ ತಂಬಿಗೆ ಮುಳುಗಿಸುವ ಕಷ್ಟ ತಪ್ಪಲೆಂದು ಬಚ್ಚಲಿಗೆ ಮಿಕ್ಸರ್ ನಲ್ಲಿಯನ್ನೂ ಕೈಯಲ್ಲಿ ಹಿಡಿಯುವ ಷವರನ್ನೂ ಹಾಕಿಸಿದೆ. ಬಿಸಿನೀರು ಗೀಸರಿನಿಂದ, ಅಂದರೆ ಬೋರ್ ನೀರಿನ ಟ್ಯಾಂಕಿನಿಂದ. ತಣ್ಣೀರಿಗೆ ಗೋಡೆಯಲ್ಲಿ ಮೊದಲೇ ಇದ್ದ ಕೊಳವೆಯನ್ನೇ ಪ್ಲಂಬರ್ ಜೋಡಿಸಿದ. ಅದು ಮಂಜೀರಾ ಕೊಳವೆಯೆಂದು ನಾನು ಹೇಳಲಿಲ್ಲ, ಅವನು ಕೇಳಲಿಲ್ಲ.

ತಾಯಿಯವರು ಮಿಕ್ಸರಿನ ಎರಡೂ ತಿರುಪುಗಳನ್ನು ತೆರೆದೇ ಇಟ್ಟು, ಷವರಿನ ಹಿಡಿಯಲ್ಲಿರುವ ಗುಂಡಿಯಿಂದ ಮಾತ್ರ ನೀರನ್ನು ನಿಲ್ಲಿಸುತ್ತಿದ್ದರು. ಹದಿನೈದು ದಿನ ಕಳೆದಿರಬಹುದು, ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅವರ ಕೂಗು ಕೇಳಿಸಿತು: “ತಮ್ಮಾ, ಕುಡಿಯೋ ನಳದಾಗ ಬೆಚ್ಚನ್ನ ನೀರು ಬರಾಕ ಹತ್ಯಾವ, ಏನು ಮಾಡಿಸೀದಿ?” ಅದು ಮಂಜೀರಾ ನೀರು ಬರುವ ದಿನವೇ ಅಲ್ಲ. ಬಾಯಿಗೆ ಹಾಕಿದರೆ ಸವುಳು ರುಚಿ. ಆ ವಾರದಲ್ಲಿಯೇ ತಾಯಿಯವರಿಗೂ ಮಗಳಿಗೂ ಭೇದಿಯಾಗಿ, ಊಟದ ಮೇಲೆ ದೋಷ ಹೊರಿಸಿ ಸುಮ್ಮನಾಗಿದ್ದೆವು. ಇಬ್ಬರೂ ಗುಣವಾದರು. ಕಾರಣ ಇದೇ ಎಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಆದರೆ ಟ್ಯಾಂಕಿನ ಮುಚ್ಚಳ ತೆಗೆದು ಕೆಸರನ್ನು ಕಂಡ ಮೇಲೆ ನನ್ನ ಮನಸ್ಸು ಒಪ್ಪಲಿಲ್ಲ.

ನಡೆದದ್ದು ಇಷ್ಟೆ. ಮಿಕ್ಸರಿನ ಒಡಲಲ್ಲಿ ಎರಡು ನೀರೂ ಕೂಡುತ್ತವೆ. ತಿರುಪುಗಳು ತೆರೆದಿದ್ದು ಹೊರದಾರಿ ಮುಚ್ಚಿದ್ದರೆ, ಒತ್ತಡ ಹೆಚ್ಚಿರುವ ಕೊಳವೆಯ ನೀರು ಒತ್ತಡ ಕಡಿಮೆಯಿರುವ ಕೊಳವೆಗೆ ನುಗ್ಗುತ್ತದೆ. ಸರಬರಾಜಿಲ್ಲದ ದಿನ ಮಂಜೀರಾ ಕೊಳವೆಯಲ್ಲಿ ಒತ್ತಡವೇ ಇರುವುದಿಲ್ಲ. ಮಾಳಿಗೆಯ ನೀರು ಗೀಸರಿನ ಮೂಲಕ ಇಳಿದು ಅದನ್ನು ತುಂಬಿತು. ಒಬ್ಬರ ಖಾತೆಯ ಹಣ ಇನ್ನೊಬ್ಬರ ಖಾತೆಗೆ ಜಮೆಯಾದಂತೆ. ಲೆಕ್ಕ ತಾಳೆ ನೋಡದಿದ್ದರೆ ತಪ್ಪು ಹೊರಬೀಳುವುದೇ ಇಲ್ಲ. ಹೀಗೆ ನುಗ್ಗಿದ ನೀರು ರಸ್ತೆಯ ಕೊಳವೆಯನ್ನು ಸೇರಿ ನೆರೆಮನೆಯವರ ಬಿಂದಿಗೆಗೂ ಇಳಿಯಬಹುದು.

ನಗರದ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನೆಯ ಬೋರ್ ನೀರಿಗೆ ಈ ರಕ್ಷಣೆಯಿಲ್ಲ. ಕೊಳಚೆ ಸೋಂಕಿದ ನೀರಿನಿಂದ ಟೈಫಾಯ್ಡ್, ಕಾಮಾಲೆ, ಆಮಶಂಕೆ ತಗಲುತ್ತವೆ. ತೆಲಂಗಾಣದ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವೂ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ.

ಹೊಸ ನಲ್ಲಿ ಹಾಕಿಸುವವರು ಗಮನಿಸಬೇಕಾದ್ದು

1. ಮೊದಲು ಕೊಳವೆಗಳ ಮೂಲ ತಿಳಿಯಿರಿ. ಒಂದೊಂದೇ ವಾಲ್ವನ್ನು ಮುಚ್ಚಿ, ಯಾವ ಯಾವ ನಲ್ಲಿ ಬತ್ತುತ್ತದೆಂದು ನೋಡಿ ಬರೆದಿಡಿರಿ.

2. ಮಿಕ್ಸರಿಗೆ ಬಿಸಿನೀರೂ ತಣ್ಣೀರೂ ಒಂದೇ ಟ್ಯಾಂಕಿನಿಂದ ಬರಲಿ. ಆಗ ಒತ್ತಡವೂ ಸಮನಾಗಿರುತ್ತದೆ, ನೀರಿನ ಹದವೂ ಕೆಡುವುದಿಲ್ಲ. ಕುಡಿಯುವ ನೀರಿನ ಕೊಳವೆ ಸ್ವತಂತ್ರವಾಗಿರಲಿ.

3. ಕೆಲಸಕ್ಕೆ ಮುನ್ನ ಗೀಸರಿನ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ಆರಿಸಿ, ವಾಲ್ವು ಮುಚ್ಚಿ, ಕೊಳವೆಯ ನೀರನ್ನು ಖಾಲಿಮಾಡಿಸಿರಿ.

4. ಗೋಡೆಯ ಮಿಕ್ಸರಿನ ಎರಡು ಬಾಯಿಗಳ ನಡುವೆ ಸಾಮಾನ್ಯವಾಗಿ 150 ಮಿಲಿಮೀಟರ್ ಅಂತರವಿರುತ್ತದೆ. ಹಳೆಯ ಕೊಳವೆಗಳ ಅಂತರ ತುಸು ಬೇರೆಯಾದರೆ, ಮಿಕ್ಸರಿನೊಂದಿಗೆ ಬರುವ ಸೊಟ್ಟ ತುಂಡುಗಳನ್ನು ತಿರುಗಿಸಿ ಸರಿಹೊಂದಿಸಬಹುದು. ತುಕ್ಕು ಹಿಡಿದ ಜಿ.ಐ. ಕೊಳವೆಯನ್ನು ಬಲವಂತವಾಗಿ ಎಳೆದರೆ ಗೋಡೆಯೊಳಗೇ ಬಿರುಕು ಬಿಟ್ಟೀತು.

5. ಜೋಡಿಸುವ ಮುನ್ನ ಎರಡೂ ಕೊಳವೆಗಳಿಂದ ಸ್ವಲ್ಪ ನೀರು ಹರಿಸಿ ತುಕ್ಕನ್ನೂ ಮರಳನ್ನೂ ಹೊರಹಾಕಿಸಿರಿ. ಟೆಫ್ಲಾನ್ ಟೇಪನ್ನು ತಿರುಪು ಬಿಗಿಯುವ ದಿಕ್ಕಿನಲ್ಲಿಯೇ ಸುತ್ತಬೇಕು. ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ ಎಂಬುದು ರೂಢಿ.

6. ಎರಡೂ ಕಡೆ ನಾನ್-ರಿಟರ್ನ್ ವಾಲ್ವು ಹಾಕಿಸಿರಿ. ಅದರ ಮೇಲಿನ ಬಾಣದ ಗುರುತು ಮಿಕ್ಸರಿನ ಕಡೆಗಿರಲಿ. ಗೀಸರಿನ ಸುರಕ್ಷಾ ವಾಲ್ವು ತೊಟ್ಟಿಕ್ಕುತ್ತದೆಂದು ಅದನ್ನು ಮುಚ್ಚಿಸಬೇಡಿರಿ. ಹಿಗ್ಗಿದ ನೀರಿಗೆ ಅದೇ ದಾರಿ.

7. ಕೊನೆಗೆ ಪರೀಕ್ಷೆ. ರಸ್ತೆಯ ಕೊಳವೆಯ ವಾಲ್ವು ಮುಚ್ಚಿ, ಅಡುಗೆಮನೆಯ ನಲ್ಲಿಯನ್ನು ತೆರೆದು ಬತ್ತುವವರೆಗೆ ಬಿಡಿರಿ. ಅನಂತರ ಮಿಕ್ಸರಿನ ಎರಡೂ ತಿರುಪುಗಳನ್ನು ತೆರೆದು ಷವರಿನ ಗುಂಡಿಯನ್ನು ಮಾತ್ರ ಮುಚ್ಚಿರಿ. ಬತ್ತಿದ ನಲ್ಲಿಯಲ್ಲಿ ಮತ್ತೆ ನೀರು ಬಂದರೆ ಎರಡು ಕೊಳವೆಗಳೂ ಎಲ್ಲಿಯೋ ಕೂಡಿವೆಯೆಂದೇ ತಿಳಿಯಿರಿ.

ವೃದ್ಧರೂ ಮಕ್ಕಳೂ ಇರುವ ಮನೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 60 ಡಿಗ್ರಿ ಸೆಲ್ಸಿಯಸ್ ಶಾಖದ ನೀರು ವಯಸ್ಕರ ಚರ್ಮವನ್ನೇ ಸುಮಾರು ಐದು ಸೆಕೆಂಡುಗಳಲ್ಲಿ ಸುಡಬಲ್ಲುದು. ಎಳೆಯ ಚರ್ಮಕ್ಕೆ ಅಷ್ಟು ಸಮಯವೂ ಬೇಡ. ತೆರೆಯುವಾಗ ತಣ್ಣೀರು ಮೊದಲು, ಮುಚ್ಚುವಾಗ ಬಿಸಿನೀರು ಮೊದಲು. ಸ್ನಾನ ಮುಗಿದೊಡನೆ ಎರಡೂ ತಿರುಪುಗಳನ್ನು ಗೋಡೆಯಲ್ಲಿಯೇ ಮುಚ್ಚುವುದನ್ನು ಮನೆಮಂದಿಯೆಲ್ಲ ರೂಢಿಸಿಕೊಳ್ಳಬೇಕು.

ನಮ್ಮಲ್ಲಿ ತಣ್ಣೀರನ್ನು ಟ್ಯಾಂಕಿನ ಕೊಳವೆಗೆ ಬದಲಾಯಿಸಿ, ಬಚ್ಚಲಿನ ಮಂಜೀರಾ ಕೊಳವೆಗೆ ಶಾಶ್ವತವಾಗಿ ಬಿರಡೆ ಹಾಕಿಸಲು ಪ್ಲಂಬರನಿಗೆ ಅರ್ಧ ದಿನ ಸಾಕಾಯಿತು. ಟ್ಯಾಂಕನ್ನೂ ತೊಳೆಸಿದೆವು. ಈಗಲೂ ನೀರು ಬಾರದ ದಿನ ತಾಯಿಯವರು ಅಡುಗೆಮನೆಯ ನಳವನ್ನೊಮ್ಮೆ ತಿರುಗಿಸಿ ನೋಡುತ್ತಾರೆ. ಹನಿ ನೀರೂ ಬರದಿದ್ದರೆ ಅವರಿಗೆ ಸಮಾಧಾನ. ನಮ್ಮ ಮನೆಯ ಲೆಕ್ಕ ತಪಾಸಣೆ ನಡೆಯುವುದು ಹೀಗೆ.