ವಚನಚರ್ಚೆಗೆ ಪೂರ್ವಸಿದ್ಧತೆ

ತರಗತಿಯ ಚರ್ಚೆಯು ವಾಗ್ವಾದವಾಗಿ ಕೆಡುವುದು ಬಹುಮಟ್ಟಿಗೆ ಪಠ್ಯವನ್ನೋದದೆ ಮಾತಿಗೆ ತೊಡಗುವುದರಿಂದ. ಶೂನ್ಯಸಂಪಾದನೆಯಲ್ಲಿನ ಅಲ್ಲಮಪ್ರಭು–ಅಕ್ಕಮಹಾದೇವಿಯರ ಸಂವಾದವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಪ್ರಭುದೇವರು ಅಕ್ಕನನ್ನು ಅಷ್ಟು ನಿಷ್ಠುರವಾಗಿ ಪ್ರಶ್ನಿಸಿದುದು ಸರಿಯೇ ಎಂದೊಡನೆ ತರಗತಿಯಲ್ಲಿ ಎರಡು ಪಕ್ಷಗಳಾಗುತ್ತವೆ. ಆದರೆ ಮೂಲವಚನಗಳು 12ನೆಯ ಶತಮಾನದ ಶರಣರವು. ಅವನ್ನು ಪ್ರಶ್ನೋತ್ತರವಾಗಿ ಜೋಡಿಸಿ ನಡುವೆ ಗದ್ಯವನ್ನು ಹೆಣೆದವರು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು ಮತ್ತು ಅವರನ್ನನುಸರಿಸಿದ ಸಂಪಾದನಕಾರರು. ಈ ವಿವೇಚನೆಯಿಲ್ಲದಿದ್ದರೆ ಸಂಪಾದನಕಾರರ ಮಾತಿಗೆ ಶರಣರನ್ನು ಹೊಣೆಯಾಗಿಸಿದಂತಾಗುತ್ತದೆ.

ಆದುದರಿಂದ ಉಪಾಧ್ಯಾಯರು ಹಿಂದಿನ ದಿನವೇ ವಿದ್ಯಾರ್ಥಿಗಳಿಗೆ ಮೂರು ಕಾರ್ಯಗಳನ್ನು ವಹಿಸಬೇಕು. ‘ಗುಹೇಶ್ವರ’, ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತಗಳ ನೆರವಿನಿಂದ ವಚನವನ್ನೂ ಗದ್ಯವನ್ನೂ ಬೇರ್ಪಡಿಸುವುದು ಮೊದಲನೆಯದು. ಕಠಿಣಪದಗಳಿಗೆ ಅರ್ಥ ಬರೆದುಕೊಳ್ಳುವುದು ಎರಡನೆಯದು. ತಾನು ಒಪ್ಪದ ನಿಲುವನ್ನು ಅದನ್ನು ನುಡಿದವರೇ ಒಪ್ಪುವಂತೆ ಎರಡು ವಾಕ್ಯಗಳಲ್ಲಿ ಹೇಳಲು ಕಲಿಯುವುದು ಮೂರನೆಯದು. ಇದೇ ಎಲ್ಲಕ್ಕಿಂತ ಕಷ್ಟವಾದುದು.

ಚರ್ಚೆಯಲ್ಲಿ ಪ್ರತಿಯೊಂದು ಅಭಿಪ್ರಾಯವೂ ‘ಇದು ಯಾವ ಸಾಲಿನಲ್ಲಿದೆ?’ ಎಂಬ ಪ್ರಶ್ನೆಗೆ ಉತ್ತರ ಕೊಡುವಂತಿರಲಿ. ಆಗ ಭಕ್ತಿಯುಳ್ಳವನು ಪ್ರಶ್ನೆಯನ್ನು ನಿಂದೆಯೆಂದು ಬಗೆಯುವುದಿಲ್ಲ. ಸಂದೇಹವುಳ್ಳವನು ಅದನ್ನು ನುಂಗಿಕೊಳ್ಳಬೇಕಾಗುವುದೂ ಇಲ್ಲ. ಆ ಸಂವಾದದಲ್ಲಿ ಅಕ್ಕ ಪ್ರಶ್ನೆಗೆ ಅಂಜಿ ಹಿಂದಿರುಗಲಿಲ್ಲ, ಉತ್ತರಿಸಿದಳು. ಪ್ರಶ್ನಿಸಿದವರೇ ಕೊನೆಗೆ ಆಕೆಯ ಹಿರಿಮೆಯನ್ನು ಕೊಂಡಾಡಿದರು.