ನಾನು ಸಾಲ ಬೇಡವೆಂದ ಹೋಟೆಲು

ಬ್ಯಾಂಕಿನ ಸಾಲ ವಿಭಾಗದಲ್ಲಿದ್ದ ನನಗೆ ಉದ್ಯಮಶೀಲತೆ ಎಂದರೆ ಬಹಳ ವರ್ಷ ಅರ್ಜಿ ನಮೂನೆಯ ಮೂರು ಕಾಲಂ ಅಷ್ಟೇ ಆಗಿತ್ತು: ಅನುಭವ, ಸ್ವಂತ ಬಂಡವಾಳ, ಅಡಮಾನ. ಮೂರೂ ತುಂಬಿದ್ದರೆ ಎದುರಿಗಿದ್ದವರು ಉದ್ಯಮಿ. ಒಂದು ಖಾಲಿಯಿದ್ದರೂ ಅಲ್ಲ.

1991ರಲ್ಲಿ ಕಾರ್ಕಳ ಕಡೆಯವರೊಬ್ಬರು ನನ್ನ ಮೇಜಿನ ಮುಂದೆ ಬಂದು ಕೂತರು. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಗಲ್ಲಾದಲ್ಲಿ ಕೂತವರು. ಮುಲುಂಡಿನಲ್ಲಿ ಒಂದು ಜಾಗ ನೋಡಿಟ್ಟಿದ್ದರು. ಅಡವಿಡಲು ಏನಿದೆ ಎಂದು ಕೇಳಿದೆ. ಊರಿನ ಮನೆ ಅಣ್ಣತಮ್ಮಂದಿರ ಜಂಟಿಯಲ್ಲಿತ್ತು.

"ಹೋಟೆಲು ನಡೆಯದಿದ್ದರೆ?"

"ಪುನಃ ಲೋಟ ತೊಳೆಯುವುದು ಸರ್. ಅದು ಗೊತ್ತುಂಟಲ್ಲ."

ನಾನು ನಕ್ಕೆ. ಸಾಲ ಕೊಡುವುದು ಬೇಡವೆಂದು ಬರೆದು ಸಹಿ ಹಾಕಿದೆ. ನಿಯಮದ ಪ್ರಕಾರ ಅದು ತಪ್ಪಲ್ಲ. ಆದರೆ ಆ ಉತ್ತರದಲ್ಲಿದ್ದದ್ದು ತಮಾಷೆಯಲ್ಲ, ಲೆಕ್ಕಾಚಾರ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಸೋತರೆ ಎಷ್ಟು ಸೋಲುತ್ತೇನೆ, ಆಮೇಲೆ ಹೇಗೆ ಬದುಕುತ್ತೇನೆ ಎಂದು ಅವರು ಮೊದಲೇ ಅಳೆದು ನೋಡಿದ್ದರು.

ಇನ್ನೊಬ್ಬರದು ನಿಮಗೆಲ್ಲ ಗೊತ್ತಿರುವ ಕಥೆ. ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು ಮುಂಬಯಿಯಲ್ಲಿ ಅಣ್ಣನ ಹೋಟೆಲಿನಲ್ಲಿ ದುಡಿದು, 1984ರ ಫೆಬ್ರವರಿ 14ರಂದು ಜುಹುವಿನಲ್ಲಿ 'ನ್ಯಾಚುರಲ್ಸ್' ತೆರೆದರು. ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೋ ಇಲ್ಲವೋ ಎಂದು ಮೊದಮೊದಲು ಪಾವ್‌ಭಾಜಿಯನ್ನೂ ಇಟ್ಟಿದ್ದರು. ಖಾರ ತಿಂದವರು ತಂಪು ಕೇಳುತ್ತಾರಲ್ಲ! ಗಿರಾಕಿ ನೆಲೆನಿಂತ ಮೇಲೆ ಪಾವ್‌ಭಾಜಿ ಹೋಯಿತು, ಸೀತಾಫಲ, ಎಳನೀರು, ಹಲಸು ಉಳಿದವು. 2024ರಲ್ಲಿ ಅವರು ತೀರಿಕೊಂಡಾಗ ನೂರಕ್ಕೂ ಹೆಚ್ಚು ಮಳಿಗೆಗಳಿದ್ದವು. ಯಾವ ಹಣ್ಣು ಹದವಾಗಿ ಮಾಗಿದೆ ಎಂದು ತಿಳಿಯುವ ವಿದ್ಯೆ ಅವರಿಗೆ ತಂದೆಯಿಂದ ಬಂದದ್ದು. ಅಂಥ ಬಂಡವಾಳಕ್ಕೆ ನನ್ನ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಇನ್ನು ಸಮಾಜದ ಮಾತು. ಊರಿನಿಂದ ಬಂದ ಹುಡುಗನಿಗೆ ಉಡುಪಿ ಹೋಟೆಲು ಕೊಟ್ಟದ್ದು ಸಂಬಳ ಮಾತ್ರವಲ್ಲ, ಊಟ ಮತ್ತು ಮಲಗಲು ಜಾಗ ಕೂಡ. ಸಂಜೆ ಬಿಡುವು ಸಿಕ್ಕವನು ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳ ರಾತ್ರಿ ಶಾಲೆಗೆ ಹೋದ. ಹಾಗೆ ಕಲಿತವರು ವಕೀಲರಾದರು, ಲೆಕ್ಕಪರಿಶೋಧಕರಾದರು, ನನ್ನಂತೆ ಬ್ಯಾಂಕಿಗೂ ಸೇರಿದರು. ಹೌದು, ನನ್ನ ತಂದೆಯೂ ಹೋಟೆಲು ಕಾರ್ಮಿಕರೇ. ಆದ್ದರಿಂದ ಇನ್ನೊಂದನ್ನೂ ಹೇಳಲೇಬೇಕು. ಎಲ್ಲ ಮಾಲಕರೂ ಸಂಜೆ ಬಿಡುತ್ತಿರಲಿಲ್ಲ. ಮೇಜು ಜೋಡಿಸಿ ಮಲಗಿ, ಮೂವತ್ತು ವರ್ಷ ದುಡಿದು, ಪಿಎಫ್ ಎಂಬುದೇ ಇಲ್ಲದೆ ಊರಿಗೆ ಮರಳಿದವರನ್ನು ನಾನು ಕಂಡಿದ್ದೇನೆ. ನಮ್ಮ ಸಂಘಗಳ ಸನ್ಮಾನ ಸಮಾರಂಭಗಳಲ್ಲಿ ಅವರ ಹೆಸರು ಬರುವುದಿಲ್ಲ.

ಹತ್ತು ವರ್ಷ ಕಳೆದ ಮೇಲೆ ಮುಲುಂಡಿಗೆ ಹೋದಾಗ ಒಂದು ಹೋಟೆಲಿಗೆ ನುಗ್ಗಿದೆ. ಗಲ್ಲಾದಲ್ಲಿ ಅವರೇ! ಹೆಂಡತಿಯ ಚಿನ್ನ ಮಾರಿ, ಗೆಳೆಯರೊಡನೆ ಚೀಟಿ ಹಾಕಿ, ಅದೇ ಜಾಗ ಹಿಡಿದಿದ್ದರು. ಹದಿನೆಂಟು ಮಂದಿ ಕೆಲಸಕ್ಕಿದ್ದರು. ನನ್ನ ಗುರುತು ಅವರಿಗೆ ಹತ್ತಿತು. ಹಳೆಯದನ್ನು ಎತ್ತಲಿಲ್ಲ, ಬಿಲ್ಲನ್ನೂ ಬಿಡಲಿಲ್ಲ. ಚಿಲ್ಲರೆ ಎಣಿಸಿ ಕೊಡುತ್ತಾ ಕೇಳಿದರು:

"ನಮ್ಮ ದೋಸೆ ಭಟ್ಟರೊಬ್ಬರು ಡೊಂಬಿವಲಿಯಲ್ಲಿ ಸ್ವಂತದ್ದು ಮಾಡ್ತಾರಂತೆ. ಸಾಲ ಸಿಗಬಹುದಾ ಸರ್?"

ತಮ್ಮಲ್ಲಿದ್ದ ಒಳ್ಳೆಯ ಭಟ್ಟರನ್ನು ಕಳೆದುಕೊಳ್ಳಲು ಯಾವ ಮಾಲಕನೂ ಹೀಗೆ ಓಡಾಡುವುದನ್ನು ನಾನು ನೋಡಿರಲಿಲ್ಲ. "ಅಡಮಾನ ಏನುಂಟು?" ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ.

ಮುಂದಿನ ವಾರ ಇಬ್ಬರೂ ಬ್ಯಾಂಕಿಗೆ ಬಂದರು. ಅಡಮಾನದ ಕಾಲಂ ಈ ಸಲವೂ ಖಾಲಿ. ಜಾಮೀನುದಾರರ ಜಾಗದಲ್ಲಿ ಅವರು ತಮ್ಮ ಹೋಟೆಲಿನ ವಿಳಾಸ ಬರೆದು ಸಹಿ ಹಾಕಿದರು. ಕೆಳಗೆ ನಾನು ಸಾಲಕ್ಕೆ ಶಿಫಾರಸು ಬರೆದೆ.