ಮದ್ದು ಹೊಡೆಯುವ ಮೊದಲು ಗಾಡಿ ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಮೇ ತಿಂಗಳಲ್ಲಿ ಪುರುಸೊತ್ತೇ ಇರುವುದಿಲ್ಲ: ಕಟ್ಟಿಗೆ ಒಟ್ಟಬೇಕು, ಕಾಲುವೆ ಬಿಡಿಸಬೇಕು, ಕೊಳೆ ರೋಗಕ್ಕೆ ಮೊದಲ ಮದ್ದು ಹೊಡೆಸಬೇಕು. ಗಾಡಿ ರಿಪೇರಿ ಕೊನೆಗೆ ಉಳಿಯುತ್ತದೆ. ಅದು ಮೊದಲು ಆಗಬೇಕು. ಸುಣ್ಣ, ಮೈಲುತುತ್ತ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ತೋಟ ಮುಟ್ಟುವುದು ಗಾಡಿಯಲ್ಲೇ. ಎರಡನೇ ಮದ್ದು 40-45 ದಿನಕ್ಕೆ ಬೀಳಬೇಕು. ಜುಲೈ ಮಳೆಯಲ್ಲಿ ಹೊಳವಾಗುವುದೇ ಅಪರೂಪ. ಆ ದಿನ ಗಾಡಿ ಗ್ಯಾರೇಜಿನಲ್ಲಿದ್ದರೆ ಕೊಳೆ ಕಾಯುವುದಿಲ್ಲ.

‘ಓಡುತ್ತಿದೆಯಲ್ಲ, ಕೆಟ್ಟಾಗ ನೋಡಿದರಾಯಿತು’ ಎನ್ನುವವರಿದ್ದಾರೆ. ಆದರೆ ಬ್ರೇಕ್, ಬ್ಯಾಟರಿ, ವೈಪರ್ ಸಾಮಾನ್ಯವಾಗಿ ಮೊದಲೇ ಸುಳಿವು ಕೊಡುತ್ತವೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಮದ್ದಿನ ಬ್ಯಾರಲ್ ಇಳಿಸಿದ ದಿನವೇ ಗಾಡಿಯ ತಳ ತೊಳೆಯಿರಿ. ಮೇ ತಿಂಗಳಲ್ಲಿ ಕೈಯಲ್ಲಿ ದುಡ್ಡಿಲ್ಲ ಎಂಬುದೂ ನಿಜವೇ. ಹಾಗಾದರೆ ಬ್ರೇಕ್, ಟೈರ್ ಈಗ ಮಾಡಿಸಿ. ಪೇಂಟ್, ಸೀಟು ಕೊಯ್ಲು ಮುಗಿದ ಮೇಲೆ. ಗಾಡಿಯನ್ನೂ ತೋಟದ ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಿರಿ.